ಪರ್ಯಾಯದ ದೀಪಕ್ಕೆ ನಗರಸಭೆಯ ಹಣ: ಬೇಕೇ, ಬೇಡವೇ?

ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಉಡುಪಿಯಲ್ಲಿ ನಡೆಯುವ ಪರ್ಯಾಯೋತ್ಸವಕ್ಕೆ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಎಂಟು ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಹಬ್ಬಕ್ಕೆ, ನಗರಸಭೆ ರಸ್ತೆ ಸರಿಪಡಿಸುತ್ತದೆ, ದೀಪ ಕಟ್ಟಿಸುತ್ತದೆ, ಬೀದಿ ಗುಡಿಸುತ್ತದೆ, ಪೀಠವೇರುವ ಸ್ವಾಮಿಗಳಿಗೆ ಪೌರ ಸನ್ಮಾನ ಮಾಡುತ್ತದೆ. ಈ ಖರ್ಚನ್ನು ಊರಿನ ತೆರಿಗೆಯ ಹಣದಿಂದ ಭರಿಸಬೇಕೇ ಎಂಬ ಪ್ರಶ್ನೆಗೆ ಇಬ್ಬರು ಉತ್ತರಿಸಿದ್ದಾರೆ.

ಪರ: ಬೀದಿಯ ದೀಪ ಬೀದಿಯವರದ್ದಾಗಿರಲಿ

ಪರ್ಯಾಯದ ವಿಧಿ ನಡೆಯುವುದು ಮಠದೊಳಗೆ. ಪರ್ಯಾಯದ ಹಬ್ಬ ನಡೆಯುವುದು ಬೀದಿಯಲ್ಲಿ. ಅಕ್ಷಯ ಪಾತ್ರೆಯನ್ನೂ ಸಟ್ಟುಗವನ್ನೂ ಗರ್ಭಗುಡಿಯ ಕೀಲಿಕೈಯನ್ನೂ ಒಬ್ಬ ಯತಿಗಳು ಇನ್ನೊಬ್ಬರಿಗೆ ಒಪ್ಪಿಸುವುದಕ್ಕೆ ನಗರಸಭೆಯ ಒಂದು ಪೈಸೆಯೂ ಬೇಕಾಗಿಲ್ಲ. ಆದರೆ ಕಾಪುವಿನ ದಂಡತೀರ್ಥದಲ್ಲಿ ಮಿಂದು ಬರುವ ಸ್ವಾಮಿಗಳನ್ನು ಜೋಡುಕಟ್ಟೆಯಲ್ಲಿ ಎದುರುಗೊಂಡು, ಚೆಂಡೆ ಕೊಂಬು ಹುಲಿವೇಷ ಸ್ತಬ್ಧಚಿತ್ರಗಳೊಡನೆ ರಥಬೀದಿಯವರೆಗೆ ಕರೆತರುವ ಮೆರವಣಿಗೆ ಸಾಗುವುದು ಊರಿನ ರಸ್ತೆಯಲ್ಲಿ, ರಾತ್ರಿಯಿಡೀ ಅದಕ್ಕಾಗಿ ಕಾದು ನಿಲ್ಲುವವರು ಊರಿನ ಜನ ಮತ್ತು ಅವರ ಮನೆಗೆ ಬಂದ ನೆಂಟರು. ಅವರ ಕಾಲ ಕೆಳಗಿನ ನೆಲ ಸರಿಯಿರಬೇಕು, ತಲೆಯ ಮೇಲೆ ಬೆಳಕಿರಬೇಕು ಎಂದು ನೋಡಿಕೊಳ್ಳುವುದು ನಗರಸಭೆಯಲ್ಲದೆ ಮತ್ಯಾರ ಕೆಲಸ?

ಈ ಮಾತನ್ನು ನಾನು ಓದಿ ತಿಳಿದುಕೊಂಡು ಹೇಳುತ್ತಿಲ್ಲ. ನನ್ನ ಅಮ್ಮ ಶಂಕರಪುರ ಮಲ್ಲಿಗೆ ಮಾರಿ ನಮ್ಮನ್ನು ಸಾಕಿದವರು. ನಮ್ಮ ಕಡೆಯ ಮಲ್ಲಿಗೆಗೆ ಲೆಕ್ಕವೇ ಬೇರೆ: ಎಂಟುನೂರು ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಚಳಿಗಾಲದಲ್ಲಿ ಗಿಡ ಹೂ ಕೊಡುವುದು ಕಡಿಮೆ, ಆದ್ದರಿಂದ ದರ ಏರಿರುತ್ತದೆ. ದರ ಏರಿದ ಆ ದಿನಗಳಲ್ಲೇ ಪರ್ಯಾಯ ಬರುತ್ತದೆ. 1988ರ ಪರ್ಯಾಯದ ರಾತ್ರಿ ಅಮ್ಮ ಎಂಟು ವರ್ಷದ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಾಳೆ ಎಲೆ ಹಾಸಿದ ಬುಟ್ಟಿಯನ್ನು ಎಲ್ಲಿಡಬೇಕೆಂದು ಅವರು ತುಂಬ ಹೊತ್ತು ಹುಡುಕಾಡಿದರು. ಹೂವಿನಂಗಡಿಗಳ ಸಾಲಿನಲ್ಲಿ ಜಾಗವಿರಲಿಲ್ಲ. ದೊಡ್ಡ ಜವಳಿ ಅಂಗಡಿಯೊಂದರ ಮುಂದೆ ಝಗಮಗಿಸುವ ಬೆಳಕಿತ್ತು, ಆದರೆ ಅಲ್ಲಿ ಬುಟ್ಟಿ ಇಳಿಸುವ ಮೊದಲೇ ಒಳಗಿನಿಂದ ಒಬ್ಬರು ಬಂದು ಕೈಸನ್ನೆ ಮಾಡಿ ಮುಂದೆ ಹೋಗಲು ಹೇಳಿದರು. ಕೊನೆಗೆ ತಿರುವಿನ ಕಂಬವೊಂದಕ್ಕೆ ನಗರದವರು ಹಬ್ಬಕ್ಕೆಂದು ಅಡ್ಡಲಾಗಿ ಕಟ್ಟಿದ್ದ ಟ್ಯೂಬ್‌ಲೈಟಿನ ಕೆಳಗೆ ಕುಳಿತೆವು.

ಕತ್ತಲೆಯಲ್ಲಿ ಮಲ್ಲಿಗೆಯ ಪರಿಮಳ ಬರುತ್ತದೆ, ಆದರೆ ಮೊಗ್ಗು ಬಿಗಿಯಾಗಿದೆಯೋ ಅರಳಿ ಬಾಡಿದೆಯೋ ಕಾಣುವುದಿಲ್ಲ, ಕಾಣದ ಹೂವನ್ನು ಯಾರೂ ಕೊಳ್ಳುವುದಿಲ್ಲ. ಆ ಟ್ಯೂಬ್‌ಲೈಟಿನ ಕೆಳಗೆ ಅಮ್ಮನ ಬೆರಳು ಬಾಳೆನಾರಿನಲ್ಲಿ ಓಡುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಕ್ಕದಲ್ಲಿ ಕಡಲೆ ಹುರಿಯುವವನು, ಅವನಾಚೆ ಬಲೂನಿನವನು, ಎದುರಿಗೆ ಯಾರೋ ಅಜ್ಜಿ ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡು ಮೆರವಣಿಗೆಗೆ ಕಾಯುತ್ತಿದ್ದರು. ನಮ್ಮಲ್ಲಿ ಒಬ್ಬರನ್ನೂ ಯಾರೂ ಎಬ್ಬಿಸಲಿಲ್ಲ. ನಾನು ಅಲ್ಲೇ ಗೋಣಿಚೀಲದ ಮೇಲೆ ನಿದ್ದೆ ಹೋದೆ. ಬೆಳಗ್ಗೆ ಎಚ್ಚರವಾದಾಗ ಮಂಜಿನಲ್ಲಿ ಬಟ್ಟೆ ತಣ್ಣಗಾಗಿತ್ತು, ಮೆರವಣಿಗೆ ಹೋಗಿಯಾಗಿತ್ತು, ಬೀದಿ ಗುಡಿಸುವ ಹೆಂಗಸೊಬ್ಬರು ನಮ್ಮ ಬುಟ್ಟಿಯ ಸುತ್ತ ಬಿಟ್ಟು ಉಳಿದ ಕಡೆಯೆಲ್ಲ ಗುಡಿಸಿ, ಅಮ್ಮ ಚಿಲ್ಲರೆ ಎಣಿಸಿ ಮುಗಿಸುವವರೆಗೆ ಪೊರಕೆ ಊರಿಕೊಂಡು ನಿಂತಿದ್ದರು. ಆ ವರ್ಷ ನನ್ನ ಶಾಲೆಯ ಪುಸ್ತಕ, ಅಣ್ಣನ ಚಪ್ಪಲಿ, ಅಂಗಡಿಯ ಹಳೆಯ ಬಾಕಿ ಎಲ್ಲವೂ ಆ ಒಂದು ರಾತ್ರಿಯ ವ್ಯಾಪಾರದಿಂದಲೇ ತೀರಿದವು.

ನಗರಸಭೆ ಹಿಂದೆ ಸರಿದರೆ ದೀಪಗಳೇನೂ ಆರಿಹೋಗುವುದಿಲ್ಲ ಎಂದು ನನಗೂ ಗೊತ್ತು. ಅವುಗಳನ್ನು ಬೇರೆಯವರು ಹಾಕುತ್ತಾರೆ. ನನಗೆ ಭಯವಿರುವುದು ಅದರ ಬಗ್ಗೆಯೇ. ಸಾರ್ವಜನಿಕ ಹಣದ ದೀಪ ಅದರ ಕೆಳಗೆ ಬಂದು ನಿಂತವರೆಲ್ಲರದ್ದು. ಪ್ರಾಯೋಜಕರ ದೀಪ ಪ್ರಾಯೋಜಕರದ್ದು. ಸ್ವಾಗತ ಕಮಾನಿನ ಮೇಲೆ ಅವರ ಹೆಸರಿರುತ್ತದೆ, ಕಮಾನಿನ ಬುಡದಲ್ಲಿ ಅವರ ಮಳಿಗೆ ಇರುತ್ತದೆ, ಮಳಿಗೆಯ ಮುಂದೆ ಬುಟ್ಟಿಯವರು ಕೂರಬಾರದು. ಬೇರೊಂದು ಊರಿನ ಚಳಿಗಾಲದ ಉತ್ಸವದಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಸಂಜೆ ಆರು ಗಂಟೆಗೆ ಹೂವಿನವರನ್ನೂ ಚುರುಮುರಿಯವರನ್ನೂ ಹಗ್ಗದಾಚೆಗೆ ಕಳುಹಿಸಿದರು, ಹಗ್ಗದಾಚೆ ಕತ್ತಲೆಯಿತ್ತು.

ಎದುರು ಪಕ್ಷದವರು ಕುಡಿಯುವ ನೀರಿನ ಹಣವನ್ನು ದೀಪಕ್ಕೆ ಸುರಿಯುತ್ತಾರೆಂದು ಹೇಳುವುದುಂಟು. ಇದು ತಪ್ಪು ಲೆಕ್ಕ. ಕೇಂದ್ರದ 15ನೇ ಹಣಕಾಸು ಆಯೋಗ 2021–26ರ ಅವಧಿಗೆ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದನ್ನು ಬಲ್ಬಿಗೆ ತಿರುಗಿಸಲು ಯಾವ ಅಧ್ಯಕ್ಷರಿಗೂ ಯಾವ ಪೌರಾಯುಕ್ತರಿಗೂ ಅಧಿಕಾರವಿರಲಿಲ್ಲ. ಇನ್ನು ಸಂವಿಧಾನದ 12ನೇ ಅನುಸೂಚಿಯನ್ನು ತೆರೆದು ನೋಡಿ. 74ನೇ ತಿದ್ದುಪಡಿಯ ಮೂಲಕ ನಗರಾಡಳಿತಗಳಿಗೆ ವಹಿಸಬಹುದೆಂದು ಪಟ್ಟಿ ಮಾಡಿದ 18 ವಿಷಯಗಳಲ್ಲಿ 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳನ್ನು ಪ್ರೋತ್ಸಾಹಿಸುವುದು. ನೀರು, ನೈರ್ಮಲ್ಯ, ಬೀದಿದೀಪ ಇರುವ ಪಟ್ಟಿಯಲ್ಲೇ ಇದೂ ಇದೆ. ಊರೆಂದರೆ ಪೈಪು ಮತ್ತು ಚರಂಡಿ ಮಾತ್ರ ಎಂದು ನಂಬಿದವರು ಆ ಸಾಲನ್ನು ಓದದೆ ದಾಟಿ ಹೋಗುತ್ತಾರೆ.

ಇದು ಒಂದು ಧರ್ಮದ ಆಚರಣೆಯಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು: ಆ ರಾತ್ರಿ ಬಂದು ನೋಡಿ. ಕಡಲೆ ಮಾರುವವರು ಯಾರು, ಆಟೋ ಓಡಿಸುವವರು ಯಾರು, ಹೊರೆಕಾಣಿಕೆಯ ಅಕ್ಕಿ ತೆಂಗಿನಕಾಯಿ ಯಾವ ಯಾವ ಕೇರಿಗಳಿಂದ ಬರುತ್ತದೆ ಎಂದು ನೋಡಿದ ಮೇಲೆ ಮಾತಾಡೋಣ.

ನನ್ನ ದೂರು ನಗರಸಭೆ ಹೆಚ್ಚು ಖರ್ಚು ಮಾಡುತ್ತದೆ ಎಂಬುದಲ್ಲ, ಎಲ್ಲಿ ಬೇಕೋ ಅಲ್ಲಿ ಮಾಡುವುದಿಲ್ಲ ಎಂಬುದು. ಕಲ್ಸಂಕದಿಂದ ಒಳಗೆ ಬರುವ ಅಡ್ಡದಾರಿಗಳಿಗೂ ಬೆಳಕು ಬೇಕು. ರಾತ್ರಿ ಹತ್ತರಿಂದ ಬೆಳಗ್ಗೆ ಎಂಟರವರೆಗೆ ನೆಲದ ಮೇಲೆ ಕೂರುವ ಹೆಂಗಸರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಶೌಚಾಲಯ ಬೇಕು. ಅಮ್ಮ ಆ ರಾತ್ರಿಗಳಲ್ಲಿ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದರು ಎಂದು ನನಗೆ ಅರ್ಥವಾದದ್ದು ನಾನು ದೊಡ್ಡವಳಾದ ಮೇಲೆ. ಮುಂದಿನ ಪರ್ಯಾಯದ ಅಂದಾಜು ಪಟ್ಟಿಯಲ್ಲಿ ಈ ಎರಡು ಬಾಬ್ತು ಸೇರಲಿ, ಅದಕ್ಕೆ ತಗಲುವಷ್ಟು ತೆರಿಗೆಯನ್ನು ನನ್ನ ಮನೆಯಿಂದಲೂ ವಸೂಲು ಮಾಡಲಿ.

ವಿರೋಧ: ಮೊದಲು ಕಡ್ಡಾಯದ ಕೆಲಸ

ಈ ಪಕ್ಷದಲ್ಲಿ ನಿಂತು ಬರೆಯಿರಿ ಎಂದು ಕೇಳಿದಾಗ ನಾನು ಒಂದು ದಿನ ಯೋಚಿಸಲು ಸಮಯ ತೆಗೆದುಕೊಂಡೆ, ಏಕೆಂದರೆ ಪರ್ಯಾಯದ ರಾತ್ರಿ ನಾನೂ ಮನೆಯಲ್ಲಿ ಮಲಗುವವನಲ್ಲ. ಮಧ್ವ ಸರೋವರದ ಬಳಿ ರಥದ ಆಕಾರದಲ್ಲಿ ಒಟ್ಟುವ ಕಟ್ಟಿಗೆಯನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಹಬ್ಬ ಬೇಡ ಎಂದು ನಾನು ಹೇಳುವುದಿಲ್ಲ. ನಗರಸಭೆ ತನ್ನ ಸ್ವಂತ ನಿಧಿಯನ್ನು ಅಲಂಕಾರಕ್ಕೆ ತೆಗೆಯಬಾರದು ಎಂಬಷ್ಟಕ್ಕೆ ನನ್ನ ವಾದ ಸೀಮಿತ.

1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ ನಗರಸಭೆಯ ಕೆಲಸಗಳನ್ನು ಎರಡಾಗಿ ವಿಂಗಡಿಸುತ್ತದೆ. 87ನೇ ಪ್ರಕರಣದಲ್ಲಿ ಇರುವವು ಕಡ್ಡಾಯದ ಕರ್ತವ್ಯಗಳು, 91ನೇ ಪ್ರಕರಣದಲ್ಲಿ ಇರುವವು ವಿವೇಚನೆಗೆ ಬಿಟ್ಟವು. ಗುಡಿಸುವುದು, ಚರಂಡಿ, ಬೀದಿದೀಪ ಮೊದಲನೆಯ ಗುಂಪಿಗೆ ಸೇರುತ್ತವೆ. ಅವನ್ನು ಪರ್ಯಾಯದ ದಿನವೂ ಮಾಡಬೇಕು, ಮರುದಿನವೂ ಮಾಡಬೇಕು, ಅದರಲ್ಲಿ ಚರ್ಚೆಯಿಲ್ಲ. ಬಣ್ಣದ ದೀಪದ ಸರ, ಸ್ವಾಗತ ಕಮಾನು, ಸನ್ಮಾನದ ವೇದಿಕೆ ಆ ಗುಂಪಿಗೆ ಸೇರುವುದಿಲ್ಲ. ಕಡ್ಡಾಯದ ಕೆಲಸ ಬಾಕಿಯಿರುವಾಗ ಐಚ್ಛಿಕಕ್ಕೆ ಕೈಹಾಕುವುದು ಸರಿಯಲ್ಲ.

ಬಾಕಿ ಇದೆಯೇ? ಇದೆ. ಊರಿಗೆ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. 2019ರ ಮೇ ತಿಂಗಳಲ್ಲಿ ಅಲ್ಲಿ ನೀರು ತಳ ಮುಟ್ಟಿ, ನದಿಯ ಗುಂಡಿಗಳಲ್ಲಿ ಉಳಿದದ್ದನ್ನು ಪಂಪು ಇಟ್ಟು ಎತ್ತಿ, ಬಡಾವಣೆಗಳಿಗೆ ಸರದಿಯ ಮೇಲೆ ಬಿಡಬೇಕಾಯಿತು. ಮಣಿಪಾಲದ ಎತ್ತರದ ಜಾಗಗಳಲ್ಲಿ ಜನ ಟ್ಯಾಂಕರಿಗೆ ಕಾದರು. ಇಂದ್ರಾಣಿ ಹೊಳೆ ಊರಿನ ಕೊಳಚೆ ಹೊತ್ತು ಹರಿಯುತ್ತದೆ, ಅದರ ಬದಿಯ ಬಾವಿಗಳ ನೀರು ಬಳಸಲಾಗದ ಮನೆಗಳಿವೆ. ನಿಟ್ಟೂರಿನ ಶುದ್ಧೀಕರಣ ಘಟಕ ಇರುವುದು ಇದೇ ಕೊಳಚೆಗಾಗಿ.

ನೀರಿನ ಅನುದಾನ ಮೀಸಲಿದೆ, ಅದು ದೀಪಕ್ಕೆ ಹೋಗುವುದಿಲ್ಲ ಎಂಬ ಮಾತನ್ನು ನಾನೂ ಕೇಳಿದ್ದೇನೆ. ಅದು ಅನುದಾನದ ಮಟ್ಟಿಗೆ ಸರಿ. ಆದರೆ ಆಸ್ತಿ ತೆರಿಗೆ, ಉದ್ದಿಮೆ ಪರವಾನಗಿ ಶುಲ್ಕ, ಮಳಿಗೆಗಳ ಬಾಡಿಗೆ ಇವುಗಳಿಂದ ಬರುವ ಹಣ ಹಾಗೆ ನೀರಿಗೆಂದು ಮೀಸಲಾದದ್ದಲ್ಲ. ತುರ್ತು ಬಂದಾಗ ನಗರಸಭೆ ಕೈಹಾಕಬಹುದಾದ ಪೆಟ್ಟಿಗೆ ಅದೊಂದೇ. ಅದನ್ನು ಜನವರಿಯಲ್ಲಿ ಖಾಲಿ ಮಾಡಿದರೆ ಮೇ ತಿಂಗಳಲ್ಲಿ ಟ್ಯಾಂಕರಿಗೆ ಯಾರ ಮುಂದೆ ಕೈಚಾಚಬೇಕು?

ರಸ್ತೆಯ ವಿಷಯ ಇನ್ನೂ ಮುಖ್ಯ. ಸೋದೆ ಮಠದ ಯತಿ ವಾದಿರಾಜರು ಎರಡು ತಿಂಗಳ ಪೂಜೆಯ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದ್ದು 16ನೇ ಶತಮಾನದಲ್ಲಿ. ಎಂಟು ಮಠಗಳಲ್ಲಿ ಯಾವುದರ ಪಾಳಿ ಯಾವ ವರ್ಷ ಎಂಬುದು ಎಲ್ಲರಿಗೂ ತಿಳಿದಿದೆ. 2024 ಪುತ್ತಿಗೆ, 2026 ಶೀರೂರು, 2028 ಸೋದೆ. ಇಷ್ಟು ಖಚಿತವಾದ ದಿನಕ್ಕೆ ರಸ್ತೆಯ ಕೆಲಸ ಮಾತ್ರ ಡಿಸೆಂಬರಿನ ಕೊನೆಯಲ್ಲಿ ಅವಸರದಿಂದ ಆರಂಭವಾಗುವುದನ್ನು ನಾವು ಕಾಣುತ್ತೇವೆ. ಮೆರವಣಿಗೆ ಹೋಗುವ ದಾರಿಗೆ ಡಾಮರು ಬೀಳುತ್ತದೆ, 35 ವಾರ್ಡುಗಳಲ್ಲಿ ಉಳಿದವು ಮುಂದಿನ ಸಭೆಗೆ ಕಾಯುತ್ತವೆ. ತೆರಿಗೆ ಕಟ್ಟುವವರು ಎಲ್ಲ ವಾರ್ಡುಗಳಲ್ಲೂ ಇದ್ದಾರೆ.

ಒಂದು ಧರ್ಮದ ಪ್ರಚಾರಕ್ಕೆಂದೇ ತೆರಿಗೆ ವಿಧಿಸಬಾರದು ಎಂದು ಸಂವಿಧಾನದ 27ನೇ ವಿಧಿ ಹೇಳುತ್ತದೆ. ಹಜ್ ಸಬ್ಸಿಡಿಗೆ ಸಂಬಂಧಿಸಿದ 2011ರ ಪ್ರಫುಲ್ಲ ಗೊರಾಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತೆರಿಗೆಯ ಗಣನೀಯ ಭಾಗ ಹಾಗೆ ಬಳಕೆಯಾದರೆ ಮಾತ್ರ ಆ ವಿಧಿಯ ಉಲ್ಲಂಘನೆ ಎಂದಿತು. ಆದ್ದರಿಂದ ಕಾನೂನಿನ ಈ ಅಸ್ತ್ರ ನನ್ನ ಕೈಯಲ್ಲಿ ಹೆಚ್ಚು ಹರಿತವಾಗಿಲ್ಲ ಎಂದು ಒಪ್ಪುತ್ತೇನೆ. ಆದರೂ ಕೋರ್ಟು ತಡೆಯುವುದಿಲ್ಲ ಎಂಬುದು ಖರ್ಚು ಮಾಡುವುದಕ್ಕೆ ಕಾರಣವಾಗಲಾರದು.

ಹಬ್ಬದಿಂದ ವ್ಯಾಪಾರ ಬೆಳೆಯುತ್ತದೆ ಎಂಬ ವಾದ ಎಲ್ಲೆಡೆ ಕೇಳಿಬರುತ್ತದೆ, ಒಂದು ಸರ ದೀಪ ಕಟ್ಟಿದರೆ ಊರಿನ ಬಡತನವೇ ನೀಗಿದಂತೆ ಮಾತಾಡುವವರಿದ್ದಾರೆ. ಲಾಭ ಹೆಚ್ಚಾಗಿ ಆಗುವುದು ವಸತಿಗೃಹಗಳಿಗೆ, ಹೋಟೆಲುಗಳಿಗೆ. ಅಲಂಕಾರದ ಖರ್ಚನ್ನು ಅವರೂ ಸ್ವಾಗತ ಸಮಿತಿಯೂ ಹೊರಲಿ, ಸರ್ಕಾರದ ವಿಶೇಷ ಅನುದಾನ ಬಂದರೆ ಅದೂ ಸೇರಲಿ. 2022ರಲ್ಲಿ ಕೋವಿಡ್ ನಿರ್ಬಂಧಗಳ ನಡುವೆ ಕೃಷ್ಣಾಪುರ ಮಠದ ಪರ್ಯಾಯ ಸರಳವಾಗಿಯೇ ನಡೆಯಿತು, ಪೀಠಾರೋಹಣಕ್ಕೆ ಅದರಿಂದ ಯಾವ ಕುಂದೂ ಬರಲಿಲ್ಲ.

ಅಷ್ಟಾದರೂ ನಗರಸಭೆ ಸ್ವಂತ ನಿಧಿಯಿಂದಲೇ ಕೊಡಬೇಕೆಂದು ಸದಸ್ಯರು ನಿರ್ಧರಿಸುವುದಾದರೆ, ಆ ನಿರ್ಧಾರ ಡಿಸೆಂಬರಿನ ತುರ್ತು ಸಭೆಯಲ್ಲಿ ಕೈಯೆತ್ತಿ ಮುಗಿಸುವಂಥದ್ದಾಗಬಾರದು. ಹಿಂದಿನ ಬಜೆಟ್ಟಿನಲ್ಲೇ ಅದರ ಮೊತ್ತ ಬರಲಿ, ರಸ್ತೆಯ ಕೆಲಸ ಮಳೆ ನಿಂತ ಕೂಡಲೇ ಅಕ್ಟೋಬರಿನಲ್ಲಿ ಶುರುವಾಗಲಿ, ಫೆಬ್ರವರಿಯ ಸಾಮಾನ್ಯ ಸಭೆಯಲ್ಲಿ ದೀಪಕ್ಕೆ ಎಷ್ಟು, ಡಾಮರಿಗೆ ಎಷ್ಟು, ವೇದಿಕೆಗೆ ಎಷ್ಟು ಎಂಬ ಪೂರ್ತಿ ಲೆಕ್ಕವನ್ನು ಸಾರ್ವಜನಿಕರ ಮುಂದಿಡಲಿ.