ಜಂಬೋ ಪ್ಯಾಕು ಮತ್ತು ಮೂರು ಕೆಜಿ ಮಗು

"ಅಂಗೈಯಷ್ಟು ಮಗು, ಅದಕ್ಕೇನು ಮಹಾ ಖರ್ಚು?" ಎಂದು ಕೇಳುವವರನ್ನು ಕರೆತಂದು ಮೊದಲ ತಿಂಗಳ ಕಸದ ಚೀಲ ಹೊರಲು ಹಚ್ಚಬೇಕು. 3 ಕೆಜಿಯ ಆ ಜೀವ ದಿನಕ್ಕೆ ಏನಿಲ್ಲವೆಂದರೂ 10 ಡೈಪರ್ ಮುಗಿಸುತ್ತದೆ, ತಿಂಗಳಿಗೆ 300. ಇದಕ್ಕೂ ಮೇಲಿನವರು "ಮಕ್ಕಳ ವಿಷಯದಲ್ಲಿ ಲೆಕ್ಕ ಹಾಕಬಾರದಪ್ಪಾ" ಎನ್ನುವವರು. ಈ ಮಾತು ಹೇಳುವವರು ಯಾರೂ ಬಿಲ್ಲು ಕಟ್ಟುವವರಲ್ಲ ಅನ್ನುವುದನ್ನು ಗಮನಿಸಿ.

ಸರಿ, ಲೆಕ್ಕ ಹಾಕೋಣ ಅಂತ ಕೂತರೂ ಗ್ರಹಚಾರ ಬಿಡುವುದಿಲ್ಲ. ಏಕೆಂದರೆ ಪ್ರತಿ ಮನೆಯಲ್ಲೂ ಆಫರ್ ಕಂಡರೆ ಬಿಡದ ಒಬ್ಬ ಅಪ್ಪ ಇರುತ್ತಾನೆ. ಆತ ಲೆಕ್ಕದಲ್ಲಿ ಬಲು ಚುರುಕು. ಒಂದೊಂದು ಡೈಪರಿಗೆ ಎಷ್ಟು ಬೀಳುತ್ತದೆ ಎಂದು ದಶಾಂಶದವರೆಗೆ ಭಾಗಿಸಿ ನೋಡುತ್ತಾನೆ, ಜಂಬೋ ಪ್ಯಾಕೇ ಅಗ್ಗ ಎಂದು ಸಾಬೀತು ಮಾಡುತ್ತಾನೆ, ಮಗು ಹುಟ್ಟುವ ಮೊದಲೇ ಆರು ತಿಂಗಳಿಗಾಗುವಷ್ಟು ನ್ಯೂಬಾರ್ನ್ ಸೈಜು ತಂದು ಮಂಚದ ಕೆಳಗೆ ಪೇರಿಸುತ್ತಾನೆ. ಭಾಗಾಕಾರವೇನೋ ಸರಿಯಾಗಿಯೇ ಇದೆ. ಆದರೆ ಮಗು ಬೆಳೆಯುತ್ತದೆ ಎನ್ನುವುದೊಂದನ್ನು ಆತ ಮರೆತಿದ್ದಾನೆ.

ಪ್ಯಾಕಿನ ಮೇಲೆ ವಯಸ್ಸಿಗಿಂತ ತೂಕ ನೋಡಬೇಕು. ನ್ಯೂಬಾರ್ನ್ ಸೈಜು ಹೆಚ್ಚುಕಡಿಮೆ 5 ಕೆಜಿವರೆಗೆ, ಸ್ಮಾಲ್ 4ರಿಂದ 8, ಮೀಡಿಯಂ 7ರಿಂದ 12. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಒಂದಿಷ್ಟು ಇಳಿಯುತ್ತದೆ, ಎರಡು ವಾರದೊಳಗೆ ಮತ್ತೆ ಹುಟ್ಟುತೂಕಕ್ಕೆ ಬರುತ್ತದೆ. ಅಲ್ಲಿಂದ ದಿನಕ್ಕೆ 25ರಿಂದ 35 ಗ್ರಾಂ ಏರುತ್ತಾ ಹೋಗುತ್ತದೆ. 3 ಕೆಜಿಯಲ್ಲಿ ಹುಟ್ಟಿದ ಮಗು ಎರಡು ತಿಂಗಳು ತುಂಬುವಷ್ಟರಲ್ಲಿ 4.5ರಿಂದ 5 ಕೆಜಿಯ ಆಸುಪಾಸಿನಲ್ಲಿರುತ್ತದೆ. 4 ಕೆಜಿಯಲ್ಲೇ ಹುಟ್ಟಿದರೆ ಕೆಲವೇ ವಾರಗಳ ಮಾತು. ತೊಡೆ ದಪ್ಪಗಿದ್ದರಂತೂ ತೂಕ ಮುಟ್ಟುವ ಮೊದಲೇ ಸೈಜು ಬಿಗಿಯಾಗುತ್ತದೆ.

ಆದರೂ ಅಪ್ಪ ಸೋಲೊಪ್ಪುವುದಿಲ್ಲ. "ಇನ್ನೂ ನಾಲ್ಕು ಪ್ಯಾಕ್ ಇದೆ, ಮುಗಿಸಿಬಿಡೋಣ." ಮುಂದಿನ ದೃಶ್ಯ ಎಲ್ಲ ಮನೆಗಳಲ್ಲೂ ಒಂದೇ. ಸೊಂಟದ ಎರಡು ಟೇಪುಗಳು ಹೊಟ್ಟೆಯ ಮೇಲೆ ಒಂದನ್ನೊಂದು ಮುಟ್ಟಲು ಒದ್ದಾಡುತ್ತವೆ. ಅಮ್ಮ ಎರಡೂ ಕಾಲು ಹಿಡಿದಿರುತ್ತಾಳೆ, ಅಪ್ಪ ಉಸಿರು ಬಿಗಿಹಿಡಿದು ಎಳೆಯುತ್ತಾನೆ, ಮಗು ಮಾತ್ರ ಉಸಿರು ಬಿಟ್ಟು ಹೊಟ್ಟೆ ಉಬ್ಬಿಸುತ್ತದೆ. ಅಂತೂ ಅಂಟಿತು. ಒಂದು ಗಂಟೆಯೊಳಗೆ ಬೆನ್ನಿನ ಕಡೆಯಿಂದ, ಹೌದು, ಕುತ್ತಿಗೆಯವರೆಗೆ, ಎಲ್ಲವೂ ಮೇಲೇರಿ ಬಂದಿರುತ್ತದೆ. ಸೈಜು ಚಿಕ್ಕದಾದರೆ ಹೀರುವ ಜಾಗ ಸಾಲದು, ತೊಡೆಯ ಸುತ್ತಲಿನ ಎಲಾಸ್ಟಿಕ್ ಬಿಗಿದು ದಾರಿ ಮುಚ್ಚುತ್ತದೆ, ಆಗ ಹೋಗಲು ಉಳಿಯುವುದು ಬೆನ್ನ ಕಡೆ ಮಾತ್ರ. ಈಗ ಲೆಕ್ಕ ಹಾಕಿ: ಉಳಿತಾಯ, ಒಂದು ಡೈಪರು. ಖರ್ಚು, ಮಗುವಿನ ಒಂದು ಜೊತೆ ಬಟ್ಟೆ, ಹಾಸುಬಟ್ಟೆ, ಬೆಡ್‌ಶೀಟು, ಅಮ್ಮನ ನೈಟಿ, ಅರ್ಧ ಬಕೆಟ್ ಬಿಸಿನೀರು, ವಾಷಿಂಗ್ ಮೆಷಿನ್ನಿನ ಒಂದು ಪೂರ್ತಿ ಸುತ್ತು, ಜೊತೆಗೆ ನಡುರಾತ್ರಿಯಲ್ಲಿ "ನಾನು ಮೊದಲೇ ಹೇಳಿರಲಿಲ್ವಾ" ಎಂಬ ವಾಕ್ಯ. ತೊಡೆಯ ಮೇಲೆ ಎಲಾಸ್ಟಿಕ್ಕಿನ ಕೆಂಪು ಗೆರೆ ಅಳಿಸದೆ ಉಳಿದರೆ, ಟೇಪು ತುತ್ತತುದಿಗೆ ಹೋಗಿ ಅಂಟುತ್ತಿದ್ದರೆ ಪ್ಯಾಕಿನ ಆಸೆ ಬಿಟ್ಟು ಮುಂದಿನ ಸೈಜಿಗೆ ಹೋಗಬೇಕು. ಮೊದಲ ಎರಡು ತಿಂಗಳು ಒಂದು ವಾರಕ್ಕಾಗುವಷ್ಟಕ್ಕಿಂತ ಹೆಚ್ಚು ಮನೆಯಲ್ಲಿಡದಿದ್ದರೆ ಈ ನಾಟಕವೇ ಇಲ್ಲ. ಚಿಕ್ಕ ಪ್ಯಾಕಿಗೆ ಕೊಡುವ ಆ ಹೆಚ್ಚಿನ ದುಡ್ಡನ್ನು ದಂಡ ಅಂದುಕೊಳ್ಳದೆ ನೆಮ್ಮದಿಯ ಕಂತು ಅಂದುಕೊಳ್ಳಿ.

"ಬಟ್ಟೆ ಡೈಪರ್ ಬಳಸಿ, ಖರ್ಚೇ ಇಲ್ಲ" ಎನ್ನುವವರಿಗೂ ಒಂದು ಮಾತು. ಎರಡು ದಿನಕ್ಕೊಮ್ಮೆ ಒಗೆಯುವುದಾದರೆ ಕನಿಷ್ಠ ಎರಡು ಡಜನ್ ಬೇಕು. ಮೋಡ ಕವಿದರೆ ಅದೂ ಸಾಲದು. ಘಮಘಮ ಅನ್ನಲಿ ಎಂದು ಫ್ಯಾಬ್ರಿಕ್ ಸಾಫ್ಟನರ್ ಹಾಕಿದರೆ ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ.

ಹಾಲಿನ ಡಬ್ಬಿಯದು ಇನ್ನೊಂದು ಮೋಸ. ಫಾರ್ಮುಲಾ ಕೊಡಬೇಕಾಗಿ ಬಂದವರು ಬಜೆಟ್ಟಿನಲ್ಲಿ "ಹಾಲಿನ ಪುಡಿ, ತಿಂಗಳಿಗೆ 2 ಡಬ್ಬಿ" ಎಂದು ಬರೆಯುತ್ತಾರೆ. ಆ ಎರಡು ಎಲ್ಲಿಂದ ಬಂತೋ ದೇವರೇ ಬಲ್ಲ. ಮಗುವಿನ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 150 ಮಿಲಿ ಹಿಡಿದರೆ, 4 ಕೆಜಿ ಮಗುವಿಗೆ 600 ಮಿಲಿ. 30 ಮಿಲಿ ನೀರಿಗೆ ಡಬ್ಬಿಯೊಳಗಿನ ಚಮಚದಲ್ಲಿ ಒಂದು, ಅಂದರೆ 20 ಚಮಚ. ಚಮಚಕ್ಕೆ 4.5 ಗ್ರಾಂ ಎಂದರೆ ದಿನಕ್ಕೆ 90 ಗ್ರಾಂ. 400 ಗ್ರಾಂ ಡಬ್ಬಿ ನಾಲ್ಕೂವರೆ ದಿನವೂ ಬಾರದು. ತಿಂಗಳಿಗೆ ಹತ್ತಿರಹತ್ತಿರ 7 ಡಬ್ಬಿ, ಅದೂ ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲುವುದು ಲೆಕ್ಕಕ್ಕಿಲ್ಲದೆ. ಡಬ್ಬಿ ಇನ್ನೆರಡು ದಿನ ಬರಲಿ ಎಂದು ನೀರು ಜಾಸ್ತಿ ಮಾಡುವುದು ಮಾತ್ರ ಬೇಡವೇ ಬೇಡ; ಮಗುವಿನ ಜೀವಕ್ಕೇ ಕುತ್ತು ಬರಬಹುದು, ಇದರಲ್ಲಿ ತಮಾಷೆಯಿಲ್ಲ.

ಎದೆಹಾಲಾದರೆ ಪುಕ್ಕಟೆ ಎಂದು ಆ ಸಾಲಿನಲ್ಲಿ ಸೊನ್ನೆ ಬರೆಯುವವರಿದ್ದಾರೆ. ದಿನಕ್ಕೆ 10 ಸಲ, ಸಲಕ್ಕೆ ಅರ್ಧ ಗಂಟೆ ಅಂದರೂ 5 ತಾಸು, ಅದೂ ಹಗಲು ರಾತ್ರಿಗೆ ಹಂಚಿಹೋದದ್ದು. ಯಾವ ಕಚೇರಿಯಲ್ಲಾದರೂ ಇದಕ್ಕೆ ಓವರ್‌ಟೈಮ್ ಕೊಡಬೇಕಾಗುತ್ತಿತ್ತು. ಸೊನ್ನೆ ಬರೆದ ಕೈ ಸಾಮಾನ್ಯವಾಗಿ ಆ ಹೊತ್ತಿನಲ್ಲಿ ದಿಂಬಿನ ಕೆಳಗಿರುತ್ತದೆ.

ದಿಂಬು ಅಂದಾಗ ನೆನಪಾಯಿತು. ತೊಟ್ಟಿಲು-ಮಂಚದ ಜೊತೆ "ಸೆಟ್" ಅಂತ ಮಾರುವ ಪುಟಾಣಿ ದಿಂಬು, ರಜಾಯಿ, ಸುತ್ತಲೂ ಕಟ್ಟುವ ಮೆತ್ತೆ, ಇವಿಷ್ಟನ್ನೂ ದುಡ್ಡು ಕೊಟ್ಟು ತಂದು ಮನೆಯಲ್ಲಿ ತೆಗೆದಿಡಬೇಕು. ಮೊದಲ ವರ್ಷ ಮಗುವಿಗೆ ಬೇಕಿರುವುದು ಗಟ್ಟಿ ಹಾಸಿಗೆ, ಬಿಗಿಯಾಗಿ ಹಾಸಿದ ಒಂದು ಶೀಟು, ಅಷ್ಟೇ. ಮಿಕ್ಕಿದ್ದೆಲ್ಲ ಉಸಿರುಗಟ್ಟಿಸುವ ಅಪಾಯ. ಸರಳುಗಳ ನಡುವಿನ ಅಂತರ 6 ಸೆಂ.ಮೀ. ಮೀರಬಾರದು ಎಂಬುದನ್ನು ಅಳೆದು ನೋಡುವವರು ಕಡಿಮೆ, ರಜಾಯಿಯ ಮೇಲಿನ ಕರಡಿ ಚಿತ್ರ ನೋಡುವವರೇ ಹೆಚ್ಚು. ಚಕ್ರದ ವಾಕರಿನ ಕಥೆಯೂ ಅದೇ. ಅದರಿಂದ ಮಗು ಬೇಗ ನಡೆಯುವುದಿಲ್ಲ, ಮೆಟ್ಟಿಲ ಕಡೆಗೆ ಬೇಗ ಹೋಗುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ಇನ್ನು ವರ್ಷದ ಹತ್ತಿರಕ್ಕೆ ನಡೆಯುವ ಕೂಸಿಗೆ ಮೂರನೇ ತಿಂಗಳಿಗೇ ಲೇಸ್ ಕಟ್ಟುವ ಶೂ ತರುವವರಿಗೆ ಏನು ಹೇಳೋಣ?

ಉಡುಗೊರೆ ಬರುತ್ತದಲ್ಲ, ಬಟ್ಟೆ ಖರ್ಚು ಉಳಿಯಿತು ಅಂದುಕೊಳ್ಳಬೇಡಿ. ಬರುವುದೆಲ್ಲ 0–3 ತಿಂಗಳಿನದೇ, ಜರಿ, ಲೇಸು, ಬೆನ್ನಿಗೆ ಗುಂಡಿ. ಮೊದಲ ವರ್ಷದಲ್ಲಿ ಮಗು ಸುಮಾರು 25 ಸೆಂ.ಮೀ. ಉದ್ದ ಬೆಳೆಯುತ್ತದೆ. ಬೆಲೆಚೀಟಿ ಕೂಡ ಕೀಳದ ಫ್ರಾಕು ಹೊರತೆಗೆದು ಮೈಗೆ ಹಿಡಿದು ನೋಡಿದರೆ ತೋಳೇ ಹೋಗದು. ಆಗ ಮಾತ್ರ ಸಿಟ್ಟು ಬರುವುದಿಲ್ಲ. ಇಷ್ಟು ಚಿಕ್ಕದಿತ್ತೇ ಇದು, ಯಾವಾಗ ದೊಡ್ಡದಾಯಿತು, ನಿದ್ದೆಗಣ್ಣಲ್ಲಿ ನೋಡಿದ್ದೇ ಆಯಿತಲ್ಲ ಎಂದು ಅಮ್ಮ ಒಂದು ಗಳಿಗೆ ಸುಮ್ಮನಾಗುತ್ತಾಳೆ. ಯಾರಾದರೂ ಏನು ತರಲಿ ಎಂದು ಕೇಳಿದರೆ ನಾಚಿಕೆ ಬಿಟ್ಟು "6–12 ತಿಂಗಳಿನದು, ಮುಂದೆ ಬಟನ್ ಇರುವುದು" ಎಂದೇ ಹೇಳಿಬಿಡಿ.

ಇಷ್ಟೆಲ್ಲ ತಿಳಿದ ಮೇಲೆ ಅಪ್ಪ ಬದಲಾಗುತ್ತಾನೆ ಎಂದುಕೊಂಡರೆ ಇಲ್ಲ. ಈಗ ಅವನು ತಿಂಗಳು ತಿಂಗಳು ತಾನಾಗಿಯೇ ಬರುವ ಆಟೋ ಡೆಲಿವರಿಗೆ ಸೇರಿದ್ದಾನೆ. ಶೇಕಡಾ ಇಷ್ಟು ರಿಯಾಯಿತಿಯಂತೆ. ಸೈಜು ಬದಲಿಸುವ ಬಟನ್ ಆ್ಯಪಿನಲ್ಲಿ ಎಲ್ಲಿದೆಯೋ ಅವನಿಗಿನ್ನೂ ಸಿಕ್ಕಿಲ್ಲ. ಮಗು ಗೋಡೆ ಹಿಡಿದು ನಿಲ್ಲುತ್ತಿದೆ, ಸ್ಮಾಲ್ ಸೈಜು ಬರುತ್ತಲೇ ಇದೆ.