ಮಾರದಿದ್ದರೆ ತೆರಿಗೆಯಿಲ್ಲ, ಸತ್ತರೆ ಲಾಭವೇ ಇಲ್ಲ

ಅಮೆರಿಕದ ಶ್ರೀಮಂತರಿಗೆ ಹೆಚ್ಚು ತೆರಿಗೆ ಹಾಕಬೇಕು ಎಂಬ ಮಾತು ಬಂದಾಗಲೆಲ್ಲ ಚರ್ಚೆ ಶೇ. 37ರ ಸುತ್ತಲೇ ಗಿರಕಿ ಹೊಡೆಯುತ್ತದೆ. ಅಲ್ಲಿನ ಫೆಡರಲ್ (ಕೇಂದ್ರ ಸರ್ಕಾರದ) ಆದಾಯ ತೆರಿಗೆಯ ಗರಿಷ್ಠ ದರ ಅದು. ಅದನ್ನು 50 ಮಾಡಿ, 70 ಮಾಡಿ ಎಂದು ಪ್ರಗತಿಪರ ಗೆಳೆಯರು ಕೇಳುತ್ತಾರೆ. ನಾನು ನಿಂತಿರುವುದೂ ಅವರ ಕಡೆಯೇ. ಆದರೆ ಈ ಬೇಡಿಕೆಯ ಗುರಿ ತಪ್ಪಿದೆ. ದರ ಎಷ್ಟೇ ಏರಲಿ, ಅದು ಬೀಳುವುದು ಆದಾಯದ ಮೇಲೆ. ಅತಿ ಸಿರಿವಂತರ ಬಳಿ ಕಾನೂನು ಆದಾಯ ಎಂದು ಕರೆಯುವಂಥದ್ದು ತೀರಾ ಕಡಿಮೆ. ಅವರ ಬಳಿ ಇರುವುದು ವರ್ಷದಿಂದ ವರ್ಷಕ್ಕೆ ಬೆಲೆ ಏರುವ ಷೇರು.

ಮೊದಲು ಸಂಬಳದವರ ಲೆಕ್ಕ ನೋಡೋಣ. 2025ರಲ್ಲಿ 80,000 ಡಾಲರ್ ದುಡಿದ, ಮದುವೆಯಾಗದ ಒಬ್ಬ ನರ್ಸ್ ಎಂದುಕೊಳ್ಳಿ. ಸಂಬಳ ಕೈಗೆ ಬರುವ ಮುಂಚೆಯೇ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಗೆ ಶೇ. 6.2, ಮೆಡಿಕೇರ್ ಎಂಬ ಹಿರಿಯರ ಆರೋಗ್ಯ ವಿಮೆಗೆ ಶೇ. 1.45 ಮುರಿದುಕೊಳ್ಳುತ್ತಾರೆ. ಅಲ್ಲಿಗೆ 6,120 ಡಾಲರ್ ಹೋಯಿತು. ಎಲ್ಲರಿಗೂ ಸಿಗುವ ವಿನಾಯಿತಿ (ಸ್ಟ್ಯಾಂಡರ್ಡ್ ಡಿಡಕ್ಷನ್) 15,750 ಕಳೆದು ಉಳಿದ 64,250ರ ಮೇಲೆ ಆದಾಯ ತೆರಿಗೆ 9,049. ಎರಡೂ ಸೇರಿ 15,169 ಡಾಲರ್, ಅಂದರೆ ಸಂಬಳದ ಶೇ. 19. ರಾಜ್ಯದ ತೆರಿಗೆ ಬೇರೆ. ಇದರಲ್ಲಿ ಇನ್ನೊಂದು ಅನ್ಯಾಯವಿದೆ: ಸೋಷಿಯಲ್ ಸೆಕ್ಯುರಿಟಿಯ 6.2 ಶೇಕಡಾ 2025ರಲ್ಲಿ 1,76,100 ಡಾಲರ್ ಸಂಬಳಕ್ಕೆ ನಿಂತುಬಿಡುತ್ತದೆ. ಅಷ್ಟು ದುಡಿದವರೂ ಅದರ ನೂರು ಪಟ್ಟು ದುಡಿದವರೂ ಕಟ್ಟುವುದು ಅದೇ 10,918 ಡಾಲರ್.

ಈಗ ಇನ್ನೊಂದು ತುದಿ. 2021ರ ಜೂನ್‌ನಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಸೋರಿಕೆಯಾದ ತೆರಿಗೆ ದಾಖಲೆಗಳನ್ನು ಆಧರಿಸಿ ವರದಿ ಮಾಡಿತು. 2014ರಿಂದ 2018ರವರೆಗೆ ಅಮೆರಿಕದ 25 ಅತಿ ಶ್ರೀಮಂತರ ಸಂಪತ್ತು 40,100 ಕೋಟಿ ಡಾಲರ್ ಹೆಚ್ಚಿತ್ತು. ಅವರು ಆ ಅವಧಿಯಲ್ಲಿ ಕಟ್ಟಿದ ಫೆಡರಲ್ ಆದಾಯ ತೆರಿಗೆ 1,360 ಕೋಟಿ. ಏರಿದ ಸಂಪತ್ತಿನ ಶೇ. 3.4. ಇದಕ್ಕೆ ಕಳ್ಳಲೆಕ್ಕ ಬೇಕಾಗಿಲ್ಲ, ಕಾನೂನೇ ಸಾಕು.

"ಅದು ಕಾಗದದ ಮೇಲಿನ ಸಂಪತ್ತು, ಕೈಗೆ ಬಂದದ್ದಲ್ಲವಲ್ಲ" ಎಂಬ ಆಕ್ಷೇಪ ಬಂದೇ ಬರುತ್ತದೆ. ಬೇ ಏರಿಯಾದಲ್ಲೋ ಸಿಯಾಟಲ್‌ನಲ್ಲೋ ಕೆಲಸ ಮಾಡುವ ಕನ್ನಡಿಗರು ತಮ್ಮ ಆರ್‌ಎಸ್‌ಯು, ಅಂದರೆ ಸಂಬಳದ ಭಾಗವಾಗಿ ಕಂಪನಿ ಕೊಡುವ ಷೇರು, ನೆನಪಿಸಿಕೊಳ್ಳಲಿ. ಷೇರು ವೆಸ್ಟ್ ಆದ (ನಿಮ್ಮದಾದ) ದಿನವೇ ಅದರ ಪೂರ್ತಿ ಬೆಲೆ ಸಂಬಳವೆಂದು ಲೆಕ್ಕಕ್ಕೆ ಬರುತ್ತದೆ, ಒಂದು ಷೇರನ್ನೂ ಮಾರದಿದ್ದರೂ. ಕಂಪನಿ ಸಾಮಾನ್ಯವಾಗಿ ಶೇ. 22 ಮಾತ್ರ ಹಿಡಿಯುತ್ತದೆ. ನಿಮ್ಮ ಸ್ಲ್ಯಾಬ್ 32 ಅಥವಾ 35 ಆಗಿದ್ದರೆ ಉಳಿದದ್ದನ್ನು ಏಪ್ರಿಲ್‌ನಲ್ಲಿ ದಂಡದ ಸಮೇತ ಕಟ್ಟಬೇಕಾಗಬಹುದು. (ಕಂಪನಿಗೆ ಕೊಡುವ ಡಬ್ಲ್ಯೂ-4 ಎಂಬ ತೆರಿಗೆ ಅರ್ಜಿಯಲ್ಲಿ ಹೆಚ್ಚುವರಿ ಕಡಿತ ಬರೆದುಕೊಟ್ಟರೆ ಅಥವಾ ಮೂರು ತಿಂಗಳಿಗೊಮ್ಮೆ ಮುಂಗಡ ಕಟ್ಟಿದರೆ ಈ ಪೆಟ್ಟು ತಪ್ಪುತ್ತದೆ.) ಅದು ಕೆಲಸಕ್ಕೆ ಕೊಟ್ಟ ಪ್ರತಿಫಲ, ಆದ್ದರಿಂದ ತೆರಿಗೆ ಸರಿಯೇ ಎನ್ನೋಣ. ಆದರೆ ಕೈಗೆ ನಗದು ಬಾರದೆ ತೆರಿಗೆ ಹಾಕುವುದು ಅಸಾಧ್ಯ ಎಂಬ ವಾದ ಅಲ್ಲಿಗೇ ಮುರಿದುಬಿತ್ತು. ಎಂಜಿನಿಯರ್‌ಗೆ ಅದು ಪ್ರತಿ ಮೂರು ತಿಂಗಳಿಗೊಮ್ಮೆ ಸಾಧ್ಯವಾಗುತ್ತಿದೆ.

ಕಂಪನಿ ಕಟ್ಟಿದವನ ದಾರಿ ಬೇರೆ. ಎಡ್ವರ್ಡ್ ಮೆಕ್ಯಾಫ್ರಿ ಎಂಬ ಕಾನೂನು ಪ್ರಾಧ್ಯಾಪಕರು ಅದಕ್ಕೆ ಕೊಟ್ಟ ಹೆಸರು ಮೂರೇ ಪದದ್ದು: ಕೊಳ್ಳು, ಸಾಲ ಮಾಡು, ಸಾಯಿ.

ಅವನ ಬಳಿ 100 ಕೋಟಿ ಡಾಲರ್ ಷೇರಿದೆ, ಕೊಂಡ ಬೆಲೆ ಹತ್ತಿರ ಹತ್ತಿರ ಸೊನ್ನೆ. ಈ ವರ್ಷದ ಖರ್ಚಿಗೆ 2 ಕೋಟಿ ಬೇಕು. ಮಾರಿದರೆ ದೀರ್ಘಾವಧಿ ಲಾಭದ ತೆರಿಗೆ ಶೇ. 20, ಅದರ ಮೇಲೆ ಹೂಡಿಕೆ ಆದಾಯದ ತೆರಿಗೆ 3.8, ಒಟ್ಟು 23.8. ಕೈಗೆ 2 ಕೋಟಿ ಸಿಗಬೇಕಾದರೆ ಸುಮಾರು 2 ಕೋಟಿ 62 ಲಕ್ಷದಷ್ಟು ಮಾರಬೇಕು. ಅದರ ಬದಲು ಷೇರನ್ನು ಬ್ಯಾಂಕಿಗೆ ಅಡವಿಟ್ಟು ಶೇ. 6ರ ಬಡ್ಡಿಗೆ 2 ಕೋಟಿ ಎತ್ತಿದರೆ ವರ್ಷದ ಬಡ್ಡಿ 12 ಲಕ್ಷ. ಸಾಲ ಆದಾಯವಲ್ಲ, ತೆರಿಗೆಯಿಲ್ಲ. ಬಡ್ಡಿಯನ್ನೂ ಅಸಲಿಗೆ ಸೇರಿಸುತ್ತಾ ಹೋಗಬಹುದು. ಷೇರು ವರ್ಷಕ್ಕೆ ಶೇ. 8 ಏರಿದರೂ 8 ಕೋಟಿ ಬೆಳೆಯಿತು, ಸಾಲ ಅದರ ಮುಂದೆ ಏನೂ ಅಲ್ಲ. ಅಪಾಯವಿರುವುದು ಷೇರು ದಿಢೀರ್ ಕುಸಿದಾಗ. ಬ್ಯಾಂಕು ಇನ್ನಷ್ಟು ಅಡಮಾನ ಕೇಳುತ್ತದೆ, ಕೊಡದಿದ್ದರೆ ಇದ್ದ ಷೇರನ್ನೇ ಮಾರಿಬಿಡುತ್ತದೆ. ಅದಕ್ಕೇ ಜಾಣರು ಅಡವಿನ ಬೆಲೆಯ ಸಣ್ಣ ಪಾಲನ್ನಷ್ಟೇ ಸಾಲ ಪಡೆಯುತ್ತಾರೆ. 2022ರಲ್ಲಿ ಬಡ್ಡಿ ದರ ಏರಿದ ಮೇಲೆ ಈ ದಾರಿ ಮೊದಲಿನಷ್ಟು ಅಗ್ಗವೂ ಅಲ್ಲ.

ಹಾಗಾಗಿ ಸಾಲದ ಮೇಲೆಯೇ ತೆರಿಗೆ ಹಾಕಿ ಎಂಬ ಹೊಸ ಕೂಗಿಗೆ ನಾನು ಅಷ್ಟು ತೂಕ ಕೊಡುವುದಿಲ್ಲ. ದೊಡ್ಡ ತೂತು ಇರುವುದು ಮೂರನೆಯ ಪದದಲ್ಲಿ.

ಒಂದು ಡಾಲರಿಗೆ ಕೊಂಡ ಷೇರು ಒಡೆಯ ಸಾಯುವ ದಿನ 500 ಡಾಲರ್ ಇದ್ದರೆ, ಮಗಳ ಪಾಲಿಗೆ ಅದನ್ನು ಕೊಂಡ ಬೆಲೆ 500 ಎಂದೇ ಕಾನೂನು ಬರೆದುಕೊಳ್ಳುತ್ತದೆ. ಮರುದಿನ ಮಾರಿದರೆ ಲಾಭ ಸೊನ್ನೆ. ಆ ದುಡ್ಡಿನಲ್ಲಿ ಅಪ್ಪನ ಸಾಲ ತೀರಿಸಬಹುದು. ನಡುವಿನ 499 ಡಾಲರಿಗೆ ಆದಾಯ ತೆರಿಗೆಯನ್ನು ಅಪ್ಪನೂ ಕಟ್ಟಲಿಲ್ಲ, ಮಗಳೂ ಕಟ್ಟುವುದಿಲ್ಲ. 1921ರಿಂದ ಇದೇ ನಿಯಮ. ನಮ್ಮಲ್ಲಿ ಹೀಗಿಲ್ಲ. ಭಾರತದಲ್ಲಿ ಅಪ್ಪನ ಸೈಟು, ಷೇರು ಮಗನಿಗೆ ಬಂದರೆ ಅಪ್ಪ ಕೊಂಡ ಬೆಲೆಯೇ ಮಗನ ಬೆಲೆ, ಮಾರಿದ ದಿನ ಅಷ್ಟೂ ಲಾಭ ಲೆಕ್ಕಕ್ಕೆ ಬರುತ್ತದೆ (2001ರ ಏಪ್ರಿಲ್‌ಗಿಂತ ಹಳೆಯ ಆಸ್ತಿಗೆ ಅಂದಿನ ಮಾರುಕಟ್ಟೆ ಬೆಲೆ, 2018ರ ಫೆಬ್ರವರಿಗಿಂತ ಮೊದಲು ಕೊಂಡ ಷೇರುಪೇಟೆಯ ಷೇರಿಗೆ 2018ರ ಜನವರಿ 31ರ ಬೆಲೆ ಹಿಡಿಯಬಹುದು). ಕೆನಡಾದಲ್ಲಿ 1972ರಿಂದ, ಸಾಯುವ ಹೊತ್ತಿಗೆ ಎಲ್ಲವನ್ನೂ ಮಾರಿದಂತೆ ಭಾವಿಸಿ ತೆರಿಗೆ ಹಾಕುತ್ತಾರೆ. ಗಂಡ ಅಥವಾ ಹೆಂಡತಿಗೆ ಹೋದರೆ ಮಾತ್ರ ಮುಂದೂಡಿಕೆ.

"ಸತ್ತವರು ಬಿಟ್ಟುಹೋದ ಆಸ್ತಿಯ ಮೇಲೆ ಎಸ್ಟೇಟ್ ತೆರಿಗೆ ಶೇ. 40 ಇದೆಯಲ್ಲ?" ಇದೆ. ಆದರೆ 2026ರಿಂದ ತಲಾ 1.5 ಕೋಟಿ ಡಾಲರ್, ದಂಪತಿಗೆ 3 ಕೋಟಿ ವಿನಾಯಿತಿ. ಅದಕ್ಕೂ ಮೇಲಿರುವವರಿಗೆ ಗ್ರಾಟ್ ಎಂಬ ಟ್ರಸ್ಟ್ ಇದೆ. ಷೇರನ್ನು ಎರಡು ವರ್ಷಕ್ಕೆ ಟ್ರಸ್ಟಿಗೆ ಹಾಕಿ, ಸರ್ಕಾರ ನಿಗದಿ ಮಾಡಿದ ಬಡ್ಡಿಯೊಂದಿಗೆ ಕಂತುಗಳಲ್ಲಿ ತಾನೇ ವಾಪಸ್ ಪಡೆಯುವುದು. ಆ ಬಡ್ಡಿಗಿಂತ ಹೆಚ್ಚು ಬೆಳೆದದ್ದೆಲ್ಲ ಮಕ್ಕಳಿಗೆ, ಉಡುಗೊರೆ ತೆರಿಗೆಯಿಲ್ಲದೆ. ಷೇರು ಬೆಳೆಯದಿದ್ದರೆ ವಕೀಲರ ಫೀಸಿನ ಹೊರತು ನಷ್ಟವಿಲ್ಲ, ಮತ್ತೆ ಹೊಸ ಟ್ರಸ್ಟ್ ಮಾಡಬಹುದು. ವಾಲ್‌ಮಾರ್ಟ್‌ನ ಒಡೆಯರಾದ ವಾಲ್ಟನ್ ಕುಟುಂಬದ ಒಂದು ಪ್ರಕರಣದಲ್ಲಿ 2000ನೇ ಇಸವಿಯಲ್ಲಿ ತೆರಿಗೆ ನ್ಯಾಯಾಲಯ ಈ ದಾರಿಯನ್ನು ಒಪ್ಪಿಕೊಂಡಿತು.

ಸರಿಪಡಿಸಲು ಪ್ರಯತ್ನವೇ ಆಗಿಲ್ಲ ಎಂದಲ್ಲ. 1976ರಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಭಾರತದಂಥದ್ದೇ ನಿಯಮ ತಂದಿತು, ಜಾರಿಗೆ ಬರುವ ಮುನ್ನವೇ 1980ರಲ್ಲಿ ರದ್ದು ಮಾಡಿತು. ಹಳೆಯ ಖರೀದಿ ಬೆಲೆಯ ದಾಖಲೆ ಎಲ್ಲಿ ಸಿಗುತ್ತದೆ ಎಂಬುದು ಅಂದಿನ ದೊಡ್ಡ ದೂರು. ಇಂದು ಬ್ರೋಕರ್‌ಗಳ ಕಂಪ್ಯೂಟರ್‌ನಲ್ಲೇ ಅದಿರುವಾಗ ಆ ದೂರಿಗೆ ಬಲವಿಲ್ಲ. 2021ರಲ್ಲಿ ಬೈಡನ್ ಸರ್ಕಾರ ಮತ್ತೆ ಕೈಹಾಕಿತು. ರೈತ ಕುಟುಂಬಗಳು ಹೊಲ ಮಾರಬೇಕಾಗುತ್ತದೆ ಎಂಬ ಭಯ ಹಬ್ಬಿತು, ಸೆಪ್ಟೆಂಬರ್‌ನಲ್ಲಿ ಸದನ ಸಮಿತಿಯ ಕರಡಿನಿಂದ ಅದು ಮಾಯವಾಯಿತು. ಅದನ್ನು ಕೈಬಿಟ್ಟವರು ಡೆಮಾಕ್ರಾಟರೇ ಎಂಬುದನ್ನು ನಾವು ಮರೆಯಬಾರದು.

ಮಾರದೇ ಮಾರಿದಂತೆ ಭಾವಿಸುವುದು ಅಮೆರಿಕದ ಕಾನೂನಿಗೆ ಹೊಸದೂ ಅಲ್ಲ. 2008ರಿಂದ, ಪೌರತ್ವ ಬಿಟ್ಟುಕೊಡುವವರ ನಿವ್ವಳ ಆಸ್ತಿ 20 ಲಕ್ಷ ಡಾಲರ್ ಮುಟ್ಟಿದ್ದರೆ, ಹೊರಡುವ ಹಿಂದಿನ ದಿನ ಎಲ್ಲ ಆಸ್ತಿಯನ್ನೂ ಮಾರಿದಂತೆ ಲೆಕ್ಕ ಹಾಕಿ, ನಿಗದಿತ ವಿನಾಯಿತಿ ಕಳೆದು ಲಾಭದ ಮೇಲೆ ತೆರಿಗೆ ವಸೂಲಿ ಮಾಡುತ್ತಾರೆ. ಕಳೆದ 15 ವರ್ಷಗಳಲ್ಲಿ 8 ವರ್ಷ ಗ್ರೀನ್ ಕಾರ್ಡ್ ಇಟ್ಟುಕೊಂಡು, ಅದನ್ನು ಒಪ್ಪಿಸಿ ಬೆಂಗಳೂರಿಗೋ ಮೈಸೂರಿಗೋ ಮರಳುವವರಿಗೂ ಇದೇ ನಿಯಮ. ಹೊರಡುವ ಮೊದಲು ಈ ಲೆಕ್ಕ ನೋಡಿಕೊಳ್ಳದೆ ಸಿಕ್ಕಿಬೀಳುವ ಅಪಾಯವಿದೆ. ದೇಶ ಬಿಟ್ಟರೆ ಮಾರಿದಂತೆ, ದೇಹ ಬಿಟ್ಟರೆ ಮಾರಿದಂತಲ್ಲ!

ರಾಜ್ಯಗಳು ಕಾಯುತ್ತಾ ಕೂತಿಲ್ಲ. ಮ್ಯಾಸಚೂಸೆಟ್ಸ್ ಮತದಾರರು 2022ರಲ್ಲಿ 10 ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಶೇ. 4 ಹೆಚ್ಚುವರಿ ತೆರಿಗೆಯನ್ನು ಸಂವಿಧಾನಕ್ಕೇ ಸೇರಿಸಿದರು. ಹಣ ಶಿಕ್ಷಣ ಮತ್ತು ಸಾರಿಗೆಗೆ ಮೀಸಲು. ಅಲ್ಲೀಗ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟವಿದೆ. ವಾಷಿಂಗ್ಟನ್ ರಾಜ್ಯ ಬಂಡವಾಳ ಲಾಭಕ್ಕೆ ಶೇ. 7 ತೆರಿಗೆ ತಂದಿತು, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಆ ರಾಜ್ಯದ ಸಿಯಾಟಲ್ ಬಿಟ್ಟು ಫ್ಲೋರಿಡಾದ ಮಯಾಮಿಗೆ ಹೋಗುವುದಾಗಿ ಹೇಳಿದರು. ಅಪ್ಪ ಅಮ್ಮನ ಹತ್ತಿರ ಇರಲು ಎಂದರು. ಕಾರಣ ಏನೇ ಇರಲಿ, 2024ರ ಫೆಬ್ರವರಿಯಲ್ಲಿ ಅವರು ಸುಮಾರು 850 ಕೋಟಿ ಡಾಲರಿನ ಅಮೆಜಾನ್ ಷೇರು ಮಾರಿದಾಗ ಅವರಿದ್ದ ಫ್ಲೋರಿಡಾದಲ್ಲಿ ಅಂಥ ತೆರಿಗೆಯಿರಲಿಲ್ಲ. ರಾಜ್ಯದ ತೆರಿಗೆಯ ಮಿತಿ ಇದು. ಫೆಡರಲ್ ತೆರಿಗೆ ಹಾಗಲ್ಲ, ಅಮೆರಿಕ ತನ್ನ ಪೌರರ ಮೇಲೆ ಅವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ತೆರಿಗೆ ಹಾಕುತ್ತದೆ.

ವಾಷಿಂಗ್ಟನ್ ಡಿಸಿ ಸದ್ಯ ಹೊರಟಿರುವುದು ತದ್ವಿರುದ್ಧ ದಿಕ್ಕಿಗೆ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ತೆರಿಗೆ ಮತ್ತು ಖರ್ಚು ಕಡಿತದ ಕಾನೂನಿನಿಂದ ತೀರಾ ಬಡ ಶೇ. 10 ಕುಟುಂಬಗಳು ವರ್ಷಕ್ಕೆ ಸರಾಸರಿ 1,200 ಡಾಲರ್ ಕಳೆದುಕೊಳ್ಳುತ್ತವೆ, ಮೇಲಿನ ಶೇ. 10 ಕುಟುಂಬಗಳಿಗೆ 13,600 ಸಿಗುತ್ತದೆ ಎಂದು ಕಾಂಗ್ರೆಸ್‌ನದೇ ಬಜೆಟ್ ಕಚೇರಿ ಅಂದಾಜಿಸಿದೆ. ನಗದು ಕೊಟ್ಟು ಊರಿಗೆ ಹಣ ಕಳಿಸುವ ವಲಸಿಗ ಕಾರ್ಮಿಕರ ಮೇಲೂ 2026ರಿಂದ ಶೇ. 1 ತೆರಿಗೆ ಬಿದ್ದಿದೆ. ಬ್ಯಾಂಕ್ ಖಾತೆಯಿಂದ ಕಳಿಸುವವರಿಗೆ ಅದು ತಟ್ಟುವುದಿಲ್ಲ.

ಮುಂದೆ ಏನು ಕೇಳಬೇಕು ಎಂಬುದಕ್ಕೆ ಹೊಸ ಕರಡು ಬರೆಯಬೇಕಾಗಿಲ್ಲ. 2021ರ ಖಜಾನೆ ಇಲಾಖೆಯ ಪ್ರಸ್ತಾವವೇ ಇದೆ: ಸತ್ತ ದಿನ ಮಾರಿದಂತೆ ಲೆಕ್ಕ, ತಲಾ 10 ಲಕ್ಷ ಡಾಲರ್ ಲಾಭಕ್ಕೆ ವಿನಾಯಿತಿ, ಕುಟುಂಬವೇ ನಡೆಸುವ ಹೊಲ ಮತ್ತು ವ್ಯಾಪಾರಕ್ಕೆ ಅದನ್ನು ಮಾರುವವರೆಗೆ ಮುಂದೂಡಿಕೆ, ಸುಲಭವಾಗಿ ನಗದಾಗದ ಇತರ ಆಸ್ತಿಗೆ 15 ವರ್ಷಗಳ ಕಂತು. ರೈತರ ಭಯಕ್ಕೆ ಉತ್ತರ ಅದರೊಳಗೇ ಇತ್ತು. 2026ರ ನವೆಂಬರ್‌ನ ಮಧ್ಯಂತರ ಚುನಾವಣೆಯಲ್ಲಿ ಮತ ಕೇಳಲು ಬರುವವರ ಮುಂದೆ, ಅಲ್ಲಿ ಮತವಿರುವ ಕನ್ನಡಿಗರು ಈ ಪ್ರಸ್ತಾವವನ್ನು ಇಡಲಿ: ಇದಕ್ಕೆ ಮತ ಹಾಕುತ್ತೀರಾ, ಇಲ್ಲವಾ?