ಎಳ್ಳು ಬೀರಲು ಒಂದು ಸುತ್ತೋಲೆ

ಬಡತನಕ್ಕೆ ಬೆಂಗಳೂರಿನಲ್ಲಿ ಈಗ ಒಳ್ಳೆಯ ರೇಟು ಬಂದಿದೆ. ಮಣ್ಣಿನ ಮಡಕೆ, ರಾಗಿ ಮುದ್ದೆ, ನೆಲದ ಚಾಪೆ ಎಲ್ಲವೂ ಮೇಲ್ದರ್ಜೆಗೇರಿ ಆಯಿತು. ಉಳಿದಿದ್ದು ಸಂಕ್ರಾಂತಿಯ ಎಳ್ಳು-ಬೆಲ್ಲ. ಕೈಯಲ್ಲಿ ದುಡ್ಡಿಲ್ಲದವರೂ ಇಡೀ ಬೀದಿಗೆ ಹಂಚಬಹುದಾಗಿದ್ದ, ಪೂರ್ತಿ ಮನೆಯಲ್ಲೇ ತಯಾರಾಗುತ್ತಿದ್ದ ಉಡುಗೊರೆ ಅದು. ಅಷ್ಟು ಅಗ್ಗದ ವಸ್ತುವನ್ನು ಈ ನಗರ ಎಷ್ಟು ದಿನ ಅಂತ ಹಾಗೇ ಬಿಟ್ಟೀತು?

ಹೊರವರ್ತುಲ ರಸ್ತೆಯ ಪಕ್ಕದ ಅಪಾರ್ಟ್‌ಮೆಂಟೊಂದರ ನಿವಾಸಿಗಳ ಸಂಘ ಡಿಸೆಂಬರ್ ಕೊನೆಗೆ ಹೊರಡಿಸಿದ ಸುತ್ತೋಲೆ ನನ್ನ ಮುಂದಿದೆ. (ಅಪಾರ್ಟ್‌ಮೆಂಟಿನ ಹೆಸರು ಹೇಳುವುದಿಲ್ಲ. ಹೇಳಿದರೆ ತಮ್ಮನ್ನು ಬಿಟ್ಟರಲ್ಲ ಎಂದು ಉಳಿದವರಿಗೆ ಬೇಜಾರಾದೀತು.) ‘ಆಡಂಬರ ಬೇಡ, ಆತ್ಮೀಯತೆ ಇರಲಿ’ ಎಂಬುದು ತಲೆಬರಹ. ಈ ಸಲ ಪ್ರತಿ ಮನೆಯವರೂ ಕೈಯಾರೆ ಮಾಡಿದ ಎಳ್ಳನ್ನೇ ಬೀರತಕ್ಕದ್ದು, ಒಂದು ಪೊಟ್ಟಣದ ಖರ್ಚು 50 ರೂಪಾಯಿ ಮೀರತಕ್ಕದ್ದಲ್ಲ, ಅತ್ಯಂತ ಸರಳವಾಗಿ ಬೀರಿದವರಿಗೆ ಬೆಳ್ಳಿಯ ತಟ್ಟೆ ಬಹುಮಾನ. ಸುತ್ತೋಲೆಯನ್ನು ಚೆಂಡುಹೂವಿನ ಎಸಳು ಸೇರಿಸಿ ಕೈಯಲ್ಲೇ ತಯಾರಿಸಿದ ಕಾಗದದ ಮೇಲೆ ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸಿದ್ದಾರೆ. ಆ ಹಾಳೆ ಒಂದರ ಬೆಲೆಯೇ 50 ರೂಪಾಯಿ ದಾಟುತ್ತದೆ ಎಂದು ಯಾರೋ ಗುಂಪಿನಲ್ಲಿ ಬರೆದರು. ಅವರನ್ನು ಗುಂಪಿನಿಂದ ತೆಗೆಯಲಾಯಿತು.

ಸುತ್ತೋಲೆಗೆ ಮುಂಚಿನ ಸಭೆಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು ಎದ್ದು ನಿಂತು, “ಎಳ್ಳು-ಬೆಲ್ಲ ತಗೊಂಡು ಎಳ್ಳು-ಬೆಲ್ಲದ್ಹಾಂಗ ಇರೋಣು ಅಂತ ಹೇಳಿ ಒಂದು ಚಿಟಿಕಿ ಕೈಯಾಗ ಇಟ್ರ ಮುಗೀತಲ್ರೀ. ಇದಕ್ಕೊಂದು ಕಮಿಟಿ ಯಾಕ?” ಎಂದು ಕೇಳಿದ್ದರಂತೆ. ನಡವಳಿಯಲ್ಲಿ ಇದು ಹೀಗೆ ದಾಖಲಾಗಿದೆ: ‘ಬ್ಲಾಕ್ ಸಿ ಸದಸ್ಯರ ಸಲಹೆಯನ್ನು ಮುಂದಿನ ವರ್ಷ ಪರಿಶೀಲಿಸಲು ತೀರ್ಮಾನಿಸಲಾಯಿತು.’

ಈ ಸರಳ ಉಡುಗೊರೆ ತಯಾರಾಗುವ ಬಗೆ ಹೇಗೆ ಎಂಬುದನ್ನೂ ಹೇಳಿಬಿಡಬೇಕು. ಕೊಬ್ಬರಿ ಬಟ್ಟಲಿನ ಬೆನ್ನಿನ ಕಂದು ಸಿಪ್ಪೆಯನ್ನು ಹೆರೆದು ಬೆಳ್ಳಗೆ ಮಾಡಿ, ಸಣ್ಣಗೆ ಹೆಚ್ಚಿ, ಬಿಸಿಲಿಗೆ ಹರವಿ, ಕಾಗೆ ಕಾಯಬೇಕು. ಅಚ್ಚು ಬೆಲ್ಲವನ್ನು ಅಡಕತ್ತರಿಯಲ್ಲಿ ಚೂರು ಮಾಡಬೇಕು. ಪುಡಿಯಾದರೆ ಎಳ್ಳಿಗೆಲ್ಲ ಅಂಟುತ್ತದೆ, ದಪ್ಪವಾದರೆ ಅಜ್ಜನ ಹಲ್ಲಿಗೆ ಕೇಡು. ನಾಲ್ಕು ಅಚ್ಚು ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡದಲ್ಲಿ ಬೊಕ್ಕೆ ಏಳುತ್ತದೆ. ಕಡಲೆಕಾಯಿ ಬೀಜ ಹುರಿದು, ಉಜ್ಜಿ, ಮೊರದಲ್ಲಿ ಕೇರಿ, ಎರಡು ಹೋಳು ಮಾಡಬೇಕು. ಬಿಳಿ ಎಳ್ಳು ಚಟಪಟ ಅನ್ನುತ್ತಿದ್ದಂತೆ ಬಾಣಲೆ ಇಳಿಸಬೇಕು. ಏನೂ ಕಷ್ಟಪಡದೆ ಅಂಗಡಿಯಿಂದ ನೇರವಾಗಿ ಬಂದು ಸೇರಿಕೊಳ್ಳುವ ಅದೃಷ್ಟ ಹುರಿಗಡಲೆಗೆ ಮಾತ್ರ. ಇನ್ನು ಸಕ್ಕರೆ ಅಚ್ಚು. ಮರದ ಅಚ್ಚುಗಳನ್ನು ನೀರಲ್ಲಿ ನೆನೆಹಾಕಿ, ದಾರ ಬಿಗಿದು, ಪಾಕದ ಹದ ನೋಡಿ ಸುರಿದು, ಗಟ್ಟಿಯಾದ ಮೇಲೆ ಆನೆಯ ಸೊಂಡಿಲು ಮುರಿಯದಂತೆ ಬಿಡಿಸಬೇಕು. ಸೊಂಡಿಲು ಮುರಿದ ಆನೆಗಳು ಮಕ್ಕಳ ಪಾಲು, ಇಡೀ ಆನೆಗಳು ಪಕ್ಕದ ಮನೆಯವರ ಪಾಲು. ನೆರೆಹೊರೆಯ ಸಂಬಂಧ ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ಗೊತ್ತಾಗುತ್ತಿದ್ದದ್ದೇ ಹಾಗೆ.

ಇಷ್ಟೆಲ್ಲ ಮಾಡಲು ಹನ್ನೆರಡನೇ ಮಹಡಿಯಲ್ಲಿ ಬಿಸಿಲಿಲ್ಲ. ಅಡಕತ್ತರಿಯನ್ನು ಗೋಡೆಗೆ ಅಲಂಕಾರಕ್ಕೆ ನೇತುಹಾಕಿದ್ದಾರೆ. ಹೀಗಾಗಿ ಮರುದಿನವೇ ಕ್ಲಬ್‌ಹೌಸಿನಲ್ಲಿ ಒಂದು ಮಳಿಗೆ ಎದ್ದಿತು: ‘ನೀವೇ ಮಾಡಿ’ ಕಿಟ್, ಬೆಲೆ 649 ರೂಪಾಯಿ, ಹನ್ನೆರಡು ಮನೆಗೆ ಸಾಕು. ಒಳಗೆ ಹೆಚ್ಚಿದ ಕೊಬ್ಬರಿ, ಕತ್ತರಿಸಿದ ಬೆಲ್ಲ, ಹುರಿದ ಬೀಜ, ಹುರಿದ ಎಳ್ಳು, ಹುರಿಗಡಲೆ, ಒಂದು ಮರದ ಚಮಚ, ಹನ್ನೆರಡು ಪುಟ್ಟ ಚೀಲ. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ ಸರಕಾರ 2016ರಲ್ಲೇ ನಿಷೇಧಿಸಿದೆ. ಆ ಕಾನೂನಿನ ಮೇಲಿನ ಗೌರವದಿಂದ ಐದೂ ಪ್ಲಾಸ್ಟಿಕ್ ಪೊಟ್ಟಣಗಳನ್ನು ಸೆಣಬಿನ ಚೀಲದೊಳಗೆ ಹೊರಗೆ ಕಾಣದಂತೆ ಇಟ್ಟಿದ್ದಾರೆ. ಜತೆಗೊಂದು ಸೂಚನಾ ಪತ್ರ: ‘ಬಟ್ಟಲನ್ನು ಪೂರ್ವಕ್ಕೆ ಇಡಿ. ಕಣ್ಣು ಮುಚ್ಚಿ ನಿಮ್ಮ ಅಜ್ಜಿಯನ್ನು ನೆನೆಯಿರಿ. ಪೊಟ್ಟಣಗಳನ್ನು ಒಂದೊಂದಾಗಿ ಸುರಿದು ನಿಧಾನವಾಗಿ ಬೆರೆಸಿ. ಅಭಿನಂದನೆಗಳು, ನೀವು ಪರಂಪರೆಯನ್ನು ಉಳಿಸಿದಿರಿ.’ ಬೆರೆಸುವುದರಲ್ಲಿ ಅನುಭವ ಸಾಲದವರಿಗೆ ಶನಿವಾರ ಎರಡು ಗಂಟೆಯ ಕಾರ್ಯಾಗಾರ, ಶುಲ್ಕ ಪ್ರತ್ಯೇಕ.

“ಸರ್, ಕೊಬ್ಬರಿ ರೇಟ್ ನೋಡಿದ್ದೀರಾ?” ಎಂದರು ಮಳಿಗೆಯವರು. ನೋಡಿದ್ದೇವೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇತ್ತು, ತಿಪಟೂರಿನ ಮಾರುಕಟ್ಟೆ ಅದನ್ನು ಎಷ್ಟೋ ದಾಟಿ ಹೋಯಿತು. ಕಿಲೋಗೆ 300 ಎಂದು ಹಿಡಿದರೂ ಕಿಟ್ಟಿನಲ್ಲಿರುವ 200 ಗ್ರಾಮಿಗೆ 60 ರೂಪಾಯಿ ಆಯಿತು. ಹಾಗಾದರೆ ಮಿಕ್ಕ ದುಡ್ಡು? ಅದು ಅಜ್ಜಿಯನ್ನು ನೆನೆಯಲು.

ತೊಡಕು ಬಂದದ್ದು ಲೆಕ್ಕದಲ್ಲಿ. 649ನ್ನು ಹನ್ನೆರಡರಿಂದ ಭಾಗಿಸಿದರೆ 54 ರೂಪಾಯಿ ಚಿಲ್ಲರೆ, ಅಂದರೆ ಆಡಂಬರ. ಸಂಘದ ಖಜಾಂಚಿ ಲೆಕ್ಕ ಪರಿಶೋಧಕರು. ಅವರು ಮರದ ಚಮಚವನ್ನು 150 ರೂಪಾಯಿಯ ಸ್ಥಿರಾಸ್ತಿ ಎಂದು ಪರಿಗಣಿಸಿ, ಐದು ವರ್ಷಕ್ಕೆ ಸವಕಳಿ ಹಾಕಿ, ಈ ವರ್ಷದ ಪಾಲು 30 ಮಾತ್ರ ಎಂದು ತೋರಿಸಿದರು. ಪೊಟ್ಟಣದ ಖರ್ಚು 44ಕ್ಕೆ ಇಳಿಯಿತು. ಸರಳತೆ ಉಳಿಯಿತು. ಉತ್ಸಾಹದಲ್ಲಿ ಅವರು ಇನ್ನೊಂದು ಸಂಶೋಧನೆಯನ್ನೂ ಸಭೆಯ ಮುಂದಿಟ್ಟರು: ಬಿಡಿ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ, 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ಶೇ 5 ಇದೆ. “ಅಂದರೆ ನಾವು ಹಬ್ಬವನ್ನಷ್ಟೇ ಅಲ್ಲ, ದೇಶವನ್ನೂ ನಡೆಸುತ್ತಿದ್ದೇವೆ” ಎಂದಾಗ ಚಪ್ಪಾಳೆ ಬಿತ್ತು.

ಇದೆಲ್ಲ ಒಂದೇ ದಿನದಲ್ಲಿ ಬಂದ ಬುದ್ಧಿಯಲ್ಲ, ಶಾಲೆಯಿಂದಲೇ ಬಂದಿರುವುದು. ‘ಕಸದಿಂದ ರಸ’ ಎಂದು ಟೀಚರ್ ಪ್ರಾಜೆಕ್ಟ್ ಕೊಟ್ಟ ರಾತ್ರಿ ಸ್ಟೇಷನರಿ ಅಂಗಡಿಯ ಮುಂದೆ ನಿಂತು ನೋಡಿ. ಬಾಗಿಲು ಅರ್ಧ ಎಳೆದ ಅಂಗಡಿಯವನ ಹತ್ತಿರ ಅಪ್ಪಂದಿರು ಕಸ ಕೇಳುತ್ತಿರುತ್ತಾರೆ. ಐಸ್‌ಕ್ರೀಮನ್ನು ಜನ್ಮದಲ್ಲಿ ಕಾಣದ ಐಸ್‌ಕ್ರೀಮ್ ಕಡ್ಡಿಗಳು ಕಟ್ಟುಕಟ್ಟಾಗಿ ಬಿಕರಿಯಾಗುತ್ತವೆ. ಬೆಳಿಗ್ಗೆ ಮಗು ಅಮ್ಮ ಮಾಡಿದ ಪೆನ್ ಸ್ಟ್ಯಾಂಡ್ ಹಿಡಿದು ಸ್ವಾವಲಂಬನೆಯ ಬಗ್ಗೆ ಮಾತಾಡುತ್ತದೆ.

ಸಂಕ್ರಾಂತಿಯ ದಿನ ಲಿಫ್ಟುಗಳೇ ಬೀದಿಗಳಾದವು. ಒಂದೇ ಕಿಟ್ಟಿನ ಎಳ್ಳನ್ನು ಎ ಬ್ಲಾಕಿನವರು ಬಿಗೆ, ಬಿಯವರು ಎಗೆ ಬೀರಿದರು. ಸಂಜೆ ಹೊತ್ತಿಗೆ ಯಾರ ಮನೆಯಲ್ಲೂ ಹೆಚ್ಚಾಗಲಿಲ್ಲ, ಯಾರ ಮನೆಯಲ್ಲೂ ಕಡಿಮೆಯಾಗಲಿಲ್ಲ.

ಉಳಿದದ್ದು ಬೆಳ್ಳಿ ತಟ್ಟೆಯ ತೀರ್ಪು. ಕೈಯಾರೆ ಮಾಡಿದ್ದಕ್ಕೆ ಪುರಾವೆಯಾಗಿ ಪ್ರತಿಯೊಬ್ಬರೂ ವಿಡಿಯೊ ಕಳಿಸಬೇಕಿತ್ತು. ಬರೀ ಬೆರೆಸುವ ವಿಡಿಯೊ ಕಳಿಸಿದರೆ ತಟ್ಟೆ ಸಿಗದು ಎಂಬ ಅಂದಾಜಿನಿಂದ ಕೆಲವರು ಬೆಲ್ಲ ಕತ್ತರಿಸುವ, ಕೊಬ್ಬರಿ ಹೆರೆಯುವ ದೃಶ್ಯಗಳನ್ನೇ ಕಳಿಸಿದ್ದರು. ಹಿನ್ನೆಲೆಯಲ್ಲಿ ವೀಣೆ, ತೆರೆಯ ತುಂಬ ಎರಡು ಕೈ. ಸಮಿತಿಯವರು ಕ್ಲಬ್‌ಹೌಸಿನ ದೊಡ್ಡ ಪರದೆಯಲ್ಲಿ ನೋಡುತ್ತ ಹೋದಂತೆ ಒಂದು ಸಂಗತಿ ಗಮನಕ್ಕೆ ಬಂತು. ಹನ್ನೊಂದು ಮನೆಗಳ ವಿಡಿಯೊದಲ್ಲೂ ಅದೇ ಹಸಿರು ಗಾಜಿನ ಬಳೆ, ಎಡಗೈ ತೋರುಬೆರಳಿನ ಮೇಲೆ ಅದೇ ಹಳೆಯ ಗಾಯದ ಗುರುತು. ಬ್ಲಾಕ್ ಎಯಿಂದ ಡಿವರೆಗೆ ಪಾತ್ರೆ ತೊಳೆಯುವಾಕೆಯ ಕೈ ಅದು. ವರ್ಷವಿಡೀ ಇಲ್ಲಿ ಪಾತ್ರೆ, ಡಿಸೆಂಬರ್ ಬಂತೆಂದರೆ ರಾತ್ರಿ ಕಾಂಡಿಮೆಂಟ್ಸ್ ಅಂಗಡಿಗೆ ಕಿಲೋ ಲೆಕ್ಕದಲ್ಲಿ ಕೊಬ್ಬರಿ ಹೆಚ್ಚುವ ಕೆಲಸ. ವಿಡಿಯೊಗೆ ಮನೆಯೊಂದಕ್ಕೆ 100 ರೂಪಾಯಿ ಕೊಟ್ಟಿದ್ದರಂತೆ. ಅದನ್ನು ಪೊಟ್ಟಣದ ಖರ್ಚಿಗೆ ಸೇರಿಸಬೇಕೇ ಬೇಡವೇ ಎಂದು ಒಂದು ಗಂಟೆ ಚರ್ಚೆಯಾಯಿತು. ಕೊನೆಗೆ ಅಧ್ಯಕ್ಷೆ ಸುತ್ತೋಲೆ ತರಿಸಿ ಓದಿಸಿದರು. ‘ಕೈಯಾರೆ’ ಎಂದಿದೆ, ಕೈ ಫ್ಲ್ಯಾಟಿನ ಮಾಲೀಕರದ್ದೇ ಆಗಿರಬೇಕೆಂದು ಎಲ್ಲೂ ಹೇಳಿಲ್ಲ. ಹನ್ನೊಂದೂ ಅರ್ಜಿಗಳು ಸಿಂಧು. ತಟ್ಟೆಯನ್ನು ಚೀಟಿ ಎತ್ತಿ ಖಜಾಂಚಿಯವರಿಗೆ ಕೊಟ್ಟರು.

ಆಕೆಯನ್ನೂ ಮರೆಯಲಿಲ್ಲ. ಅಧ್ಯಕ್ಷೆ ಕರೆಸಿ, ಪಕ್ಕದ ಅಪಾರ್ಟ್‌ಮೆಂಟಿನ ಸಂಘದಿಂದ ಬಂದಿದ್ದ ಸೆಣಬಿನ ಚೀಲವೊಂದನ್ನು ಕೈಗಿತ್ತರು. “ತಗೋಮ್ಮ, ಹಬ್ಬಕ್ಕೆ. ಎಲ್ಲಾ ಕೈಯಲ್ಲೇ ಮಾಡಿರೋದು.”

ಆಕೆ ಚೀಲ ಬಿಚ್ಚಿ, ಒಂದು ಚೂರು ಕೊಬ್ಬರಿ ತೆಗೆದು ಬೆಳಕಿಗೆ ಹಿಡಿದು ನೋಡಿದಳು. “ಸಿಪ್ಪೆ ಹಂಗೇ ಬಿಟ್ಟವ್ರಲ್ಲ ಮೇಡಂ. ಇದ್ಯಾರೋ ಹೊಸಬರು ಹೆಚ್ಚಿರೋದು.”